ಅನುಭವಿಸಿದ ಸುಖ, ಮಾರುವ ಬೆಲೆ

ಮನುಷ್ಯನು ಯಾವ ವಸ್ತುವನ್ನೂ ಅದು ಇದ್ದಂತೆಯೇ ಬಳಸಿ ತೃಪ್ತನಾದವನಲ್ಲ. ಕೊಂಡು ತಂದ ಬಟ್ಟೆಯನ್ನು ತನ್ನ ಮೈಯಳತೆಗೆ ಹೊಲಿಸಿಕೊಳ್ಳುತ್ತಾನೆ. ಕೊಂಡ ಮನೆಯ ಬಾಗಿಲನ್ನು ತನ್ನ ಅನುಕೂಲಕ್ಕೆ ತಕ್ಕಂತೆ ತಿರುಗಿಸುತ್ತಾನೆ. ನೇಗಿಲಿನ ಮೇಣಿಯನ್ನು ತನ್ನ ಕೈಗೆ ಒಗ್ಗುವಂತೆ ಕೆತ್ತಿಸಿಕೊಳ್ಳುತ್ತಾನೆ. ಹೀಗೆ ಪರರು ಮಾಡಿದ್ದನ್ನು ತನ್ನದನ್ನಾಗಿ ಮಾಡಿಕೊಳ್ಳುವ ಹಂಬಲ ಮಾನವ ಸಹಜವಾದುದು. ಅದರಲ್ಲಿ ಸುಖವಿದೆ, ಆ ಸುಖವನ್ನು ಹೀನವೆಂದು ಹಳಿಯಲು ಕಾರಣವಿಲ್ಲ. ಆದರೆ ಒಂದು ದಿನ ಆ ವಸ್ತುವನ್ನು ಮತ್ತೊಬ್ಬರಿಗೆ ಮಾರಬೇಕಾಗಿ ಬಂದರೆ, ನಾವು ಅದಕ್ಕೆ ಬೆರೆಸಿದ ನಮ್ಮತನಕ್ಕೆ ಬೆಲೆ ಉಂಟೇ? ಇಲ್ಲದಿದ್ದರೆ ಅದನ್ನು ಮರೆಮಾಚಿ ಮಾರಬಹುದೇ? ಮೇಲ್ನೋಟಕ್ಕೆ ಇದು ಸಂತೆಯ ಪ್ರಶ್ನೆ. ವಿಚಾರಿಸಿ ನೋಡಿದರೆ ಧರ್ಮದ ಪ್ರಶ್ನೆ.

ಕಳೆದ ಶ್ರಾವಣದಲ್ಲಿ ಪೀಣ್ಯದ ಭಕ್ತರೊಬ್ಬರ ಮನೆಯಲ್ಲಿ ಪೂಜೆ ಮುಗಿಸಿ ಕುಳಿತಿದ್ದೆವು. ನಮ್ಮ ವಿದ್ಯಾರ್ಥಿನಿಲಯದಲ್ಲಿದ್ದು ಓದಿದ ತರುಣನೊಬ್ಬ ಬಂದು ನಮಸ್ಕರಿಸಿದನು. ಆತನ ತಂದೆ ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮುಂದೆ ನಿಂತು ಮೂವತ್ತು ವರ್ಷ ಕಾಯಕ ಮಾಡಿದವರು. ಮಗನು ಇಂಜಿನಿಯರಾಗಿ, ವೈಟ್‌ಫೀಲ್ಡಿನಲ್ಲಿ ಮೋಟಾರು ವಾಹನಗಳ ಒಳಗಿನ ಕಂಪ್ಯೂಟರುಗಳಿಗೆ ತಂತ್ರಾಂಶ ಬರೆಯುವ ಉದ್ಯೋಗದಲ್ಲಿದ್ದಾನೆ. ೨೦೧೮ರಲ್ಲಿ ಆತನು ಗಾತ್ರದಲ್ಲಿ ಪುಟ್ಟದಾದರೂ ವೇಗಕ್ಕೆ ಹೆಸರಾದ ಕಾರೊಂದನ್ನು ಕೊಂಡನು. ಕೋಟಿ ರೂಪಾಯಿಯ ಸ್ಪೋರ್ಟ್ಸ್ ಕಾರು ಎಟುಕದವರು ಇಂಥ ಕಾರನ್ನೇ ಕೊಂಡು, ಅದನ್ನು ಸ್ಪೋರ್ಟ್ಸ್ ಕಾರಿನಂತೆ ಮಾರ್ಪಡಿಸಿಕೊಳ್ಳುವುದು ಈಗಿನ ತರುಣರಲ್ಲಿ ಒಂದು ಹವ್ಯಾಸವಾಗಿದೆ. ಈತನೂ ಇಂಜಿನ್ನಿನ ಕಂಪ್ಯೂಟರಿಗೆ ಹೊಸ ಕ್ರಮವಿಧಿ ಬರೆಯಿಸಿ ಅದರ ಶಕ್ತಿಯನ್ನು ಹೆಚ್ಚಿಸಿದನು, ಹೊಗೆಕೊಳವೆಯನ್ನು ಬದಲಿಸಿದನು, ಗಿಡ್ಡ ಸ್ಪ್ರಿಂಗುಗಳನ್ನು ಹಾಕಿಸಿ ಕಾರನ್ನು ನೆಲಕ್ಕೆ ಇಳಿಸಿದನು, ಅಗಲವಾದ ಚಕ್ರಗಳನ್ನು ತೊಡಿಸಿದನು. ಐದಾರು ವರ್ಷಗಳಲ್ಲಿ ಮೂರು ಲಕ್ಷ ರೂಪಾಯಿಗಳಷ್ಟು ಖರ್ಚಾಯಿತು. ಇವೆಲ್ಲದರ ನಡುವೆ ತಂದೆಯು ತಾವಾಗಿಯೇ ಲೇತಿನಲ್ಲಿ ಕಡೆದು, ನುಣುಪು ಮಾಡಿ, ಗೇರಿನ ಕೋಲಿಗೆ ಉಕ್ಕಿನ ಹಿಡಿಕೆಯೊಂದನ್ನು ಮಾಡಿಕೊಟ್ಟಿದ್ದರು.

ಈಗ ಆ ತಂದೆಗೆ ಹೃದಯದ ಶಸ್ತ್ರಚಿಕಿತ್ಸೆಯಾಗಬೇಕು. ಕಾರನ್ನು ಮಾರಲು ಹೋದರೆ ವ್ಯಾಪಾರಿಯು ಮೂರು ಲಕ್ಷದ ಖರ್ಚಿಗೆ ಮೂರು ಕಾಸನ್ನೂ ಸೇರಿಸಲಿಲ್ಲ. ಬದಲಾಗಿ, ಮಾರ್ಪಡಿಸದ ಅದೇ ವಯಸ್ಸಿನ ಕಾರಿಗಿಂತಲೂ ಕಡಿಮೆ ಬೆಲೆ ಹೇಳಿದನು. ಗೆಳೆಯರು ಉಪಾಯ ಕೊಟ್ಟರು: ಮೂಲ ಕ್ರಮವಿಧಿಯನ್ನು ಮತ್ತೆ ತುಂಬಿಸು, ಹಳೆಯ ಹೊಗೆಕೊಳವೆಯನ್ನೂ ಚಕ್ರಗಳನ್ನೂ ಕೂಡಿಸು, ಬಿಚ್ಚಿದ ಭಾಗಗಳನ್ನು ಬೇರೆಯಾಗಿ ಮಾರು, ಕಾರನ್ನು ಏನೂ ಮುಟ್ಟದ ಕಾರೆಂದು ಮಾರು. “ಅಪ್ಪಾಜಿ, ಕೊಳ್ಳುವವರು ಕೇಳಿದರೆ ಸುಳ್ಳು ಹೇಳುವುದಿಲ್ಲ. ಕೇಳದಿದ್ದರೆ ಸುಮ್ಮನಿರುತ್ತೇನೆ. ಇದು ತಪ್ಪೇ?” ಎಂದು ಆತ ಕೇಳಿದನು. ನಾವು ಆ ದಿನ ಕೂಡಲೇ ಉತ್ತರ ಹೇಳಲಿಲ್ಲ. ಹೇಳದಿರಲು ನಮ್ಮದೇ ಆದ ಕಾರಣವೊಂದಿತ್ತು. ಅದನ್ನು ಮುಂದೆ ನಿವೇದಿಸುತ್ತೇವೆ.

ಮೊದಲು ಸುಖದ ಮಾತನ್ನು ನೋಡೋಣ. ವಾಹನವನ್ನು ಮಾರ್ಪಡಿಸುವುದರಲ್ಲಿ ಮೂರು ಬಗೆಯ ಸುಖಗಳು ಕಲೆತಿವೆ. ಮಾಡುವ ಸುಖ ಒಂದು, ಬಳಸುವ ಸುಖ ಇನ್ನೊಂದು, ಪರರಿಗೆ ತೋರುವ ಸುಖ ಮತ್ತೊಂದು. ಮಾಡುವ ಸುಖವು ಕಲಿಕೆಯ ಸುಖ. ಯಂತ್ರ ಹೇಗೆ ಉಸಿರಾಡುತ್ತದೆ, ಗಾಳಿ ಇಂಧನಗಳು ಯಾವ ಪ್ರಮಾಣದಲ್ಲಿ ಸೇರಿ ಉರಿಯುತ್ತವೆ ಎಂದು ಅರಿಯುವವನ ಆನಂದ ವಿದ್ಯಾನಂದಕ್ಕೆ ದೂರವಾದುದಲ್ಲ. ಬಳಸುವ ಸುಖಕ್ಕೆ ದೇಶಕಾಲಗಳ ಮಿತಿಯುಂಟು. ಸಿಲ್ಕ್ ಬೋರ್ಡ್ ವೃತ್ತದಲ್ಲಿಯೋ ಗೊರಗುಂಟೆಪಾಳ್ಯದಲ್ಲಿಯೋ ಸಂಜೆ ಆರು ಗಂಟೆಗೆ ನಿಂತ ವಾಹನಕ್ಕೆ ನೂರು ಅಶ್ವಶಕ್ತಿಯಾದರೇನು, ನೂರೈವತ್ತಾದರೇನು? ಎಲ್ಲವೂ ಎತ್ತಿನ ಗಾಡಿಯ ವೇಗವೇ. ಭಾನುವಾರದ ನಸುಕಿನಲ್ಲಿ ನಂದಿಬೆಟ್ಟದ ದಾರಿ ಹಿಡಿದಾಗ ಮಾತ್ರ ಆ ಹೆಚ್ಚಿನ ಶಕ್ತಿ ಕೆಲಸಕ್ಕೆ ಬರುತ್ತದೆಂದು ಆ ತರುಣನೇ ನಕ್ಕು ಹೇಳಿದನು. ಮೂರನೆಯದಾದ ತೋರುವ ಸುಖವಂತೂ ಬೇಗ ಹಳಸುವಂಥದು. ಇಂದು ಬೆರಗಿನಿಂದ ನೋಡಿದ ನೆರೆಯವನು ನಾಳೆ ನೋಡುವುದಿಲ್ಲ. ಆಗ ಮತ್ತೊಂದು ಚಕ್ರ, ಮತ್ತೊಂದು ಸದ್ದು ಬೇಕೆನಿಸುತ್ತದೆ. ಪರರ ನಿದ್ರೆಯನ್ನು ಕೆಡಿಸಿ ಪಡೆಯುವ ಸದ್ದಿನ ಸುಖವನ್ನು ಸುಖವೆನ್ನಲೂ ಬಾರದು. ನಮ್ಮ ರಾಜ್ಯದ ಕೆಲವು ಊರುಗಳಲ್ಲಿ ಪೊಲೀಸರು ಇಂಥ ಕರ್ಕಶ ಸೈಲೆನ್ಸರುಗಳನ್ನು ಸಾಲಾಗಿ ಇರಿಸಿ ರಸ್ತೆಯ ರೋಲರಿನ ಕೆಳಗೆ ಪುಡಿ ಮಾಡಿದ್ದುಂಟು.

ಇನ್ನು ಬೆಲೆಯ ಮಾತು. ಗ್ರೀಸಿನ ಅರಿಸ್ಟಾಟಲನು ಪಾದರಕ್ಷೆಯನ್ನು ಉದಾಹರಿಸಿ, ಪ್ರತಿಯೊಂದು ವಸ್ತುವಿಗೂ ಎರಡು ಉಪಯೋಗಗಳಿವೆ ಎಂದನು: ತೊಡುವುದು ಒಂದು, ವಿನಿಮಯ ಮಾಡಿಕೊಳ್ಳುವುದು ಇನ್ನೊಂದು. ೧೭೭೬ರಲ್ಲಿ ಆಡಂ ಸ್ಮಿತ್ತನು ನೀರು ವಜ್ರಗಳ ದೃಷ್ಟಾಂತದಿಂದ ಇದನ್ನೇ ವಿಸ್ತರಿಸಿ, ಬಳಕೆಯ ಮೌಲ್ಯವೂ ವಿನಿಮಯದ ಮೌಲ್ಯವೂ ಒಂದೇ ಅಲ್ಲವೆಂದು ತೋರಿಸಿದನು. ನಮ್ಮ ಹಳ್ಳಿಗರಿಗೆ ಇದನ್ನು ಪಂಡಿತರು ಹೇಳಬೇಕಾಗಿಲ್ಲ. ಎತ್ತಿನ ಗಾಡಿಯನ್ನು ಮಾರುವಾಗ ಕೊಳ್ಳುವವನು ಅಚ್ಚನ್ನು ನೋಡುತ್ತಾನೆ, ಗಾಲಿಯ ಪಟ್ಟಿಯನ್ನು ಬಡಿದು ನೋಡುತ್ತಾನೆ. ಮೂಕಿಗೆ ಬಳಿದ ಬಣ್ಣವನ್ನೂ ಕಟ್ಟಿದ ಗೆಜ್ಜೆಯನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮ ಎತ್ತುಗಳ ಹೆಗಲಿಗೆ ಸರಿಯಾಗಿ ಕೆತ್ತಿಸಿದ ನೊಗವು ಅವನ ಎತ್ತುಗಳಿಗೆ ಹುಣ್ಣು ಮಾಡಬಹುದು. ನನಗೆ ಒಪ್ಪಿದ್ದು ನಿನಗೆ ಒಪ್ಪಬೇಕೆಂಬ ನಿಯಮವಿಲ್ಲ. ಆದುದರಿಂದ ಮೂರು ಲಕ್ಷ ಮರಳಿ ಬರಲಿಲ್ಲವೆಂದು ವ್ಯಾಪಾರಿಯನ್ನು ದೂಷಿಸುವುದು ಸರಿಯಲ್ಲ. ಆ ಹಣ ಕಳೆದುಹೋದುದಲ್ಲ. ಅದರ ಫಲವನ್ನು ಐದಾರು ವರ್ಷ ಉಂಡದ್ದಾಗಿದೆ. ಉಂಡ ಊಟದ ಬೆಲೆಯನ್ನು ಮುಂದಿನ ಪಂಕ್ತಿಯವನಿಂದ ಕೇಳುವುದು ಹೇಗೆ?

ಮಾರ್ಪಾಡಿನಿಂದ ಬೆಲೆ ಯಾವಾಗಲೂ ಕುಸಿಯುತ್ತದೆ ಎಂದಲ್ಲ. ಅಮೆರಿಕೆಯ ಕ್ಯಾಲಿಫೋರ್ನಿಯದಲ್ಲಿ ಸಿಂಗರ್ ಎಂಬ ಸಂಸ್ಥೆಯಿದೆ. ಅದು ಹಳೆಯ ಪೋರ್ಷ ೯೧೧ ಕಾರುಗಳನ್ನು ಪೂರ್ಣವಾಗಿ ಬಿಚ್ಚಿ, ಒಂದೊಂದು ಭಾಗವನ್ನೂ ಅಕ್ಕಸಾಲಿಗನ ಎಚ್ಚರದಿಂದ ಮತ್ತೆ ರೂಪಿಸುತ್ತದೆ. ಅಂಥ ಕಾರಿಗೆ ಮೂಲ ಕಾರಿಗಿಂತ ಹಲವು ಪಟ್ಟು ಬೆಲೆ. ಅಲ್ಲಿ ಮಾರ್ಪಾಡೇ ಒಂದು ಕೃತಿಯಾಗಿದೆ, ಮಾಡಿದವರ ಹೆಸರೇ ಅದರ ಸಾಕ್ಷಿ. ಇದಕ್ಕೆ ವಿರುದ್ಧವಾದ ದೃಷ್ಟಾಂತ ನಮ್ಮ ಮೈಸೂರಿನಲ್ಲಿದೆ. ಅಲ್ಲಿಯ ಐಡಿಯಲ್ ಜಾವಾ ಕಾರ್ಖಾನೆ ೧೯೬೦ರ ದಶಕದಲ್ಲಿ ಜಾವಾ, ೧೯೭೩ರಿಂದ ಯೆಜ್ಡಿ ಮೋಟಾರ್ ಸೈಕಲ್ಲುಗಳನ್ನು ತಯಾರಿಸಿ, ೧೯೯೬ರಲ್ಲಿ ಮುಚ್ಚಿತು. ಇಂದು ಆ ವಾಹನಗಳನ್ನು ಪ್ರೀತಿಯಿಂದ ಸಂಗ್ರಹಿಸುವವರು ಮೊದಲು ಕೇಳುವುದು ಇಂಜಿನ್ನು ಮೂಲದ್ದೇ, ಟ್ಯಾಂಕು ಮೂಲದ್ದೇ ಎಂದು. ಮುಚ್ಚಿದ ಕಾರ್ಖಾನೆಯ ಕೆಲಸಗಾರರ ಕೈಗುರುತು ಉಳಿದಿರುವುದೇ ಅಲ್ಲಿ ಬೆಲೆ. ಈ ಎರಡು ದೃಷ್ಟಾಂತಗಳೂ ಒಂದೇ ಮಾತನ್ನು ಹೇಳುತ್ತವೆ: ಕೊಳ್ಳುವವನು ಹಣ ಕೊಡುವುದು ತಾನು ನಂಬಬಲ್ಲ ಕೈಕೆಲಸಕ್ಕೆ.

ಹಾಗಾದರೆ ಬೆಲೆ ಇಳಿಯುವುದರ ನಿಜವಾದ ಮೂಲ ನಂಬಿಕೆಯ ಕೊರತೆ. ಈ ವಿಷಯದಲ್ಲಿ ಅಮೆರಿಕೆಯ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ೧೯೭೦ರಲ್ಲಿ ಒಂದು ಪ್ರಸಿದ್ಧ ಪ್ರಬಂಧ ಬರೆದನು. ೨೦೦೧ರ ನೊಬೆಲ್ ಪಾರಿತೋಷಕದಲ್ಲಿ ಅವನಿಗೆ ಪಾಲು ದೊರೆಯಿತು. ಅವನು ತೆಗೆದುಕೊಂಡ ಉದಾಹರಣೆ ಹಳೆಯ ಕಾರುಗಳದೇ. ಮಾರುವವನಿಗೆ ತನ್ನ ಕಾರಿನ ಗುಣದೋಷ ತಿಳಿದಿದೆ, ಕೊಳ್ಳುವವನಿಗೆ ತಿಳಿದಿಲ್ಲ. ಆದ್ದರಿಂದ ಕೊಳ್ಳುವವನು ಎಲ್ಲ ಕಾರುಗಳನ್ನೂ ಸಂಶಯದಿಂದ ನೋಡಿ ನಡುಬೆಲೆ ಕೊಡುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನ ಒಡೆಯನು ಮಾರಲು ಬರುವುದಿಲ್ಲ. ಕೆಟ್ಟ ಕಾರಿನವನು ಸಂತೋಷದಿಂದ ಬರುತ್ತಾನೆ. ಹೀಗೆ ಸಂತೆಯಲ್ಲಿ ಕೆಟ್ಟದ್ದೇ ಹೆಚ್ಚಾಗುತ್ತ, ಬೆಲೆ ಇನ್ನೂ ಇಳಿಯುತ್ತ ಹೋಗುತ್ತದೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯನ್ನು ಕಂಡವರಿಗೆ ಈ ತತ್ತ್ವ ಹೊಸದಲ್ಲ. ಎತ್ತಿನ ಹಲ್ಲನ್ನೂ ಸುಳಿಯನ್ನೂ ಕಣ್ಣಿಂದ ನೋಡಬಹುದು. ಅದು ಹಾಯುತ್ತದೆಯೇ, ನಡುದಾರಿಯಲ್ಲಿ ಮಲಗಿಬಿಡುತ್ತದೆಯೇ ಎಂಬುದನ್ನು ಸಾಕಿದವನೇ ಹೇಳಬೇಕು. ಒಬ್ಬನು ಬಚ್ಚಿಟ್ಟು ಮಾರಿದರೆ ಮರುವರ್ಷ ಆ ಊರಿನ ಎಲ್ಲರ ಎತ್ತುಗಳಿಗೂ ಬೆಲೆ ಬೀಳುತ್ತದೆ. ಸುಳ್ಳಿನ ದಂಡವನ್ನು ತೆರುವವರು ಸತ್ಯವಂತರು.

ಈಗ ಗೆಳೆಯರ ಉಪಾಯವನ್ನು ಪೂರ್ವಪಕ್ಷವಾಗಿ ನಿಲ್ಲಿಸಿ ನೋಡೋಣ. ಅವರ ವಾದಕ್ಕೆ ಶಾಸ್ತ್ರದ ಬೆಂಬಲವನ್ನೂ ಕೊಡಬಹುದು. ಭಿಕ್ಷು ನಾಗಸೇನನು ಮಿಲಿಂದ ರಾಜನಿಗೆ, ಗಾಲಿ ರಥವಲ್ಲ, ಅಚ್ಚು ರಥವಲ್ಲ, ಭಾಗಗಳ ಕೂಟಕ್ಕೆ ಕೊಟ್ಟ ಹೆಸರೇ ರಥ ಎಂದು ತಿಳಿಸಿದನಂತೆ. ಅದು ನಿಜವಾದರೆ, ಮೂಲ ಭಾಗಗಳೆಲ್ಲ ಮರಳಿ ಕೂಡಿದ ಮೇಲೆ ಕಾರು ಮೂಲ ಕಾರೇ ಆಯಿತಲ್ಲ? ಮುಚ್ಚಿಡಲು ಉಳಿದದ್ದೇನು? ನೈಯಾಯಿಕರೂ ವೈಶೇಷಿಕರೂ ಇದನ್ನು ಒಪ್ಪರು. ಅವಯವ ಬದಲಾದರೆ ಹಳೆಯ ಅವಯವಿ ನಾಶವಾಗಿ ಹೊಸ ಅವಯವಿ ಹುಟ್ಟುತ್ತದೆ ಎಂಬುದು ಅವರ ಮತ. ನಮಗೆ ಇಲ್ಲಿ ಹೆಚ್ಚು ಉಪಯುಕ್ತವಾಗಿ ತೋರುವುದು ವೈಶೇಷಿಕರ ಸಂಸ್ಕಾರವೆಂಬ ಗುಣ. ಅದನ್ನು ಅವರು ವೇಗ, ಭಾವನೆ, ಸ್ಥಿತಿಸ್ಥಾಪಕ ಎಂದು ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಬಗ್ಗಿಸಿದ ಬಿಲ್ಲು ಬಿಟ್ಟೊಡನೆ ಮೊದಲಿನಂತಾಗುವುದು ಸ್ಥಿತಿಸ್ಥಾಪಕದಿಂದ. ಕಾರಿನ ಸ್ಪ್ರಿಂಗಿಗೆ ಆ ಗುಣವುಂಟು. ಸವೆದ ಕ್ಲಚ್ಚಿಗೆ ಇಲ್ಲ, ಹೆಚ್ಚಿನ ಶಾಖವನ್ನು ಉಂಡ ಇಂಜಿನ್ನಿಗೆ ಇಲ್ಲ. ಭಾಗಗಳನ್ನು ಮರಳಿ ಕೂಡಿಸಬಹುದು, ನಡೆದ ದಾರಿಯನ್ನು ಹಿಂದಕ್ಕೆ ಸುತ್ತಿಡಲಾಗದು.

ಈ ಮಾತನ್ನು ಆ ತರುಣನೇ ನಮಗಿಂತ ಚೆನ್ನಾಗಿ ಬಲ್ಲನು. ವೈಟ್‌ಫೀಲ್ಡಿನ ಸುತ್ತ ಇಂದು ಜಗತ್ತಿನ ದೊಡ್ಡ ವಾಹನ ಸಂಸ್ಥೆಗಳ ಸಂಶೋಧನಾಲಯಗಳಿವೆ. ಮರ್ಸಿಡಿಸ್ ಬೆಂಜ್ ಸಂಸ್ಥೆ ೧೯೯೬ರಲ್ಲಿಯೇ ಬೆಂಗಳೂರಿನಲ್ಲಿ ತನ್ನ ಸಂಶೋಧನಾ ಕೇಂದ್ರವನ್ನು ಆರಂಭಿಸಿತು. ಆಡುಗೋಡಿಯಲ್ಲಿ ನಮ್ಮ ಹಿರಿಯರು ಮೈಕೋ ಎಂದು ಕರೆಯುತ್ತಿದ್ದ ಕಾರ್ಖಾನೆ ೨೦೦೮ರಲ್ಲಿ ಬಾಷ್ ಎಂಬ ಹೆಸರನ್ನು ತಳೆದು, ಇಂಧನವನ್ನು ಅಳೆದು ಉಣಿಸುವ ವಿದ್ಯೆಯಲ್ಲಿ ಮುಂದುವರಿದಿದೆ. ಇಂಥ ಕಡೆಗಳಲ್ಲಿ ಕುಳಿತ ಇಂಜಿನಿಯರುಗಳು ಇಂಜಿನ್ನಿನ ಶಕ್ತಿಯನ್ನೆಲ್ಲ ಹೊರಗೆ ಬಿಡುವುದಿಲ್ಲ. ಬಳ್ಳಾರಿಯ ಬಿಸಿಲಿಗೆ, ಕೊಡಗಿನ ಏರಿಗೆ, ಕಲಬೆರಕೆಯ ಪೆಟ್ರೋಲಿಗೆ, ಎಣ್ಣೆ ಬದಲಿಸಲು ಮರೆಯುವ ಒಡೆಯನಿಗೆ ಎಂದು ಸ್ವಲ್ಪ ಶಕ್ತಿಯನ್ನು ಕಾದಿರಿಸುತ್ತಾರೆ. “ಹಗಲೆಲ್ಲ ಊರವರ ಕಾರುಗಳಿಗೆ ಮಿತಿಯನ್ನು ಬರೆಯುವುದು ನನ್ನ ಕೆಲಸ. ಸಂಜೆ ಹೋಗಿ ನನ್ನ ಕಾರಿನ ಮಿತಿಯನ್ನು ನಾನೇ ಅಳಿಸಿಹಾಕಿದೆ” ಎಂದು ಆತ ತಲೆ ತಗ್ಗಿಸಿ ಹೇಳಿದನು. ಆ ಕಾದಿರಿಸಿದ ಶಕ್ತಿ ಕಾಣದ ಒಡೆಯರಿಗಾಗಿ, ಮುಂದಿನ ವರ್ಷಗಳಿಗಾಗಿ ಇಟ್ಟ ಬೀಜದ ಧಾನ್ಯವಿದ್ದಂತೆ. ಅದನ್ನು ಈ ವರ್ಷವೇ ಹುರಿದು ತಿಂದವನು ಹೊಲವನ್ನು ಮಾರುವಾಗ, ಕಣಜದಲ್ಲಿ ಬೀಜವಿದೆ ಎಂಬಂತೆ ಮೌನವಾಗಿ ನಿಲ್ಲಬಹುದೇ?

ಕಾನೂನು ಈ ವಿಷಯದಲ್ಲಿ ನಿಷ್ಠುರವಾಗಿದೆ. ತಯಾರಕರು ನಮೂದಿಸಿದ ವಿವರಗಳಿಗೂ ನೋಂದಣಿ ಪತ್ರದ ವಿವರಗಳಿಗೂ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸಕೂಡದೆಂದು ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮು ಹೇಳುತ್ತದೆ. ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ನಿಯಮ ಮೀರಿದ ಪ್ರತಿಯೊಂದು ಮಾರ್ಪಾಡಿಗೂ ಒಡೆಯನಿಗೆ ಐದು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿತು. ಆದರೆ ಅಂಗವೈಕಲ್ಯವುಳ್ಳವರು ತಮ್ಮ ಕೈಕಾಲುಗಳಿಗೆ ಹೊಂದುವಂತೆ ವಾಹನವನ್ನು ನಿಯಮಾನುಸಾರ ಮಾರ್ಪಡಿಸಿಕೊಳ್ಳಲು ಇದೇ ಕಾನೂನು ದಾರಿ ಬಿಟ್ಟಿದೆ. ಇಲ್ಲಿ ಒಂದು ವಿವೇಕವಿದೆ. ಕೊರತೆಯನ್ನು ತುಂಬುವ ಮಾರ್ಪಾಡು ಬೇರೆ, ಮಿತಿಯನ್ನು ಮುರಿಯುವ ಮಾರ್ಪಾಡು ಬೇರೆ. ಮುಚ್ಚಿಟ್ಟ ಮಾರ್ಪಾಡಿನ ದೋಷ ಮಾರಿದವನೊಡನೆ ಹೋಗದು, ವಾಹನದೊಡನೆ ಹೋಗುತ್ತದೆ. ಅಪಘಾತವಾದಾಗ ವಿಮೆಯವರು ತಕರಾರು ತೆಗೆದರೆ, ತನಿಖೆಯಲ್ಲಿ ಪೊಲೀಸರು ತಡೆದರೆ, ಉತ್ತರ ಹೇಳಬೇಕಾದವನು ಏನೂ ಅರಿಯದ ಹೊಸ ಒಡೆಯ.

ಇದನ್ನು ನಾವು ಪುಸ್ತಕದಿಂದ ಕಲಿತುದಲ್ಲ. ಮೊದಲು ಹೇಳಿದ ಕಾರಣವನ್ನು ಇಲ್ಲಿ ನಿವೇದಿಸುತ್ತೇವೆ. ೧೯೯೦ರ ದಶಕದಲ್ಲಿ, ನಾವಿನ್ನೂ ಕಿರಿಯರಾಗಿದ್ದ ಕಾಲದಲ್ಲಿ, ಮಠಕ್ಕೆ ಒಂದು ಹಳೆಯ ಅಂಬಾಸಿಡರ್ ಕಾರು ಇತ್ತು. ಪೆಟ್ರೋಲಿನ ಖರ್ಚು ಹೆಚ್ಚೆಂದು ಅದರ ಇಂಜಿನ್ನನ್ನು ತೆಗೆದು ಡೀಸೆಲ್ ಇಂಜಿನ್ನನ್ನು ಕೂರಿಸಿದ್ದರು. ಆ ದಿನಗಳಲ್ಲಿ ಅದು ಎಲ್ಲೆಲ್ಲಿಯೂ ನಡೆಯುತ್ತಿದ್ದ ಪದ್ಧತಿ. ಆದರೆ ಬದಲಾವಣೆಯನ್ನು ನೋಂದಣಿ ಪತ್ರದಲ್ಲಿ ಬರೆಯಿಸಿರಲಿಲ್ಲ. ಕಾರನ್ನು ಮಾರುವ ದಿನ ವ್ಯವಹಾರವನ್ನು ನೋಡಿಕೊಳ್ಳಲು ನಮ್ಮನ್ನು ನೇಮಿಸಿದ್ದರು. ಕೊಳ್ಳಲು ಬಂದವನು ಬಾಡಿಗೆ ಗಾಡಿ ಓಡಿಸಿ ಬದುಕುವ ಬಡವ. ಮಠದ ಕಾರೆಂಬ ಗೌರವದಿಂದ ಕಾಗದಗಳನ್ನು ಬಿಚ್ಚಿ ಕೂಡ ನೋಡಲಿಲ್ಲ, ಕಣ್ಣಿಗೊತ್ತಿಕೊಂಡು ಜೇಬಿಗಿಟ್ಟನು. ನಮಗೆ ಸಂಗತಿ ತಿಳಿದಿತ್ತು. ಅವನು ಕೇಳಲಿಲ್ಲ, ನಾವು ಹೇಳಲಿಲ್ಲ. ಎರಡು ತಿಂಗಳ ಬಳಿಕ ತುಮಕೂರು ರಸ್ತೆಯಲ್ಲಿ ತಪಾಸಣೆಗೆ ಸಿಕ್ಕಿ, ಗಾಡಿ ಜಪ್ತಿಯಾಗಿ, ಅವನು ಹಲವು ವಾರ ಕಚೇರಿಯಿಂದ ಕಚೇರಿಗೆ ಅಲೆದನು. ಮಠಕ್ಕೆ ಬಂದಾಗಲೂ ದೂರಲಿಲ್ಲ. “ನನ್ನ ಹಣೆಬರಹ” ಎಂದು ಹೇಳಿ ಅಡ್ಡಬಿದ್ದನು. ಲಿಂಗೈಕ್ಯರಾದ ನಮ್ಮ ಹಿರಿಯ ಗುರುಗಳಿಗೆ ಇದು ತಿಳಿದೊಡನೆ ಅವನು ಕೊಟ್ಟ ಹಣವನ್ನೂ ತೆತ್ತ ದಂಡವನ್ನೂ ಹಿಂದಿರುಗಿಸಿದರು. ನಮ್ಮನ್ನು ಬೈಯಲಿಲ್ಲ. “ಅವನು ಕಾರನ್ನು ನಂಬಿ ಕೊಳ್ಳಲಿಲ್ಲ, ಕಾವಿಯನ್ನು ನಂಬಿ ಕೊಂಡ” ಎಂದಷ್ಟೇ ಹೇಳಿದರು. ಹಣ ಹಿಂದಿರುಗಿತು, ಅವನ ಮಕ್ಕಳು ಆ ವಾರಗಳಲ್ಲಿ ಅರೆಹೊಟ್ಟೆ ಉಂಡದ್ದು ಹಿಂದಿರುಗಲಿಲ್ಲ. ಸುಮ್ಮನಿರುವುದೂ ಒಂದು ನುಡಿ ಎಂಬುದನ್ನು ಅಂದು ಅರಿತೆವು. ತರುಣನ ಪ್ರಶ್ನೆಗೆ ಕೂಡಲೇ ಉತ್ತರ ಹೇಳಲು ನಾಲಗೆ ಏಳದಿದ್ದುದು ಇದರಿಂದ.

ಆದುದರಿಂದ ನಮ್ಮ ಸಿದ್ಧಾಂತ ಇಷ್ಟು. ದುಡಿದ ಹಣದಿಂದ, ಕಾನೂನಿನ ಒಳಗೆ, ನೆರೆಹೊರೆಯವರ ನಿದ್ರೆಗೂ ಉಸಿರಿಗೂ ಕೇಡಾಗದಂತೆ, ತನ್ನ ವಾಹನವನ್ನು ತನಗೆ ಒಪ್ಪುವಂತೆ ಮಾಡಿಕೊಳ್ಳುವವನನ್ನು ನಾವು ಆಕ್ಷೇಪಿಸುವುದಿಲ್ಲ. ಅದಕ್ಕೆ ತಗಲುವ ವೆಚ್ಚವನ್ನು ಮೊದಲ ದಿನವೇ ತನ್ನ ಸುಖದ ಲೆಕ್ಕಕ್ಕೆ ಬರೆದುಕೊಳ್ಳಬೇಕು. ಹೂಡಿಕೆಯ ಲೆಕ್ಕಕ್ಕೆ ಬರೆಯಬಾರದು. ಬಿಚ್ಚಿದ ಮೂಲ ಭಾಗಗಳನ್ನು ಜೋಪಾನವಾಗಿ ಇಡುವುದು, ಯಾವ ದಿನ ಯಾವ ಕೆಲಸವಾಯಿತೆಂಬ ರಸೀತಿಗಳನ್ನು ಕಾಪಾಡುವುದು, ನೋಂದಣಿಯಲ್ಲಿಯೂ ವಿಮೆಯಲ್ಲಿಯೂ ತಿಳಿಸಬೇಕಾದುದನ್ನು ತಿಳಿಸುವುದು ಬೆಲೆಯನ್ನು ಉಳಿಸುವ ದಾರಿಗಳು. ಏಕೆಂದರೆ ಅವು ಕೊಳ್ಳುವವನ ಸಂಶಯವನ್ನು ಕಳೆಯುತ್ತವೆ. ಮೂಲ ಭಾಗಗಳನ್ನು ಮರಳಿ ಕೂಡಿಸಿ ಮಾರುವುದರಲ್ಲಿ ತಪ್ಪಿಲ್ಲ. ನಡುವೆ ನಡೆದುದನ್ನು ಕೇಳದೆಯೇ ಹೇಳಬೇಕು. ಹೇಳಿದರೆ ಬೆಲೆ ಇಳಿಯುತ್ತದೆ, ನಿಜ. ಆ ಇಳಿಕೆಯು ನಾವು ಅನುಭವಿಸಿದ ಸುಖದ ಕೊನೆಯ ಕಂತು. ಅದನ್ನು ನಾವೇ ಕಟ್ಟಬೇಕು. ಮೌನದಿಂದ ಮತ್ತೊಬ್ಬನ ತಲೆಗೆ ಕಟ್ಟಿದರೆ ಹಿಂದೆ ಉಂಡ ಸುಖವೂ ಕಳವಿನ ಸುಖವಾಗುತ್ತದೆ.

ಇಲ್ಲಿ ಒಂದು ಶಂಕೆ ಉಳಿಯುತ್ತದೆ. ತಂದೆಯ ಪ್ರಾಣದ ಪ್ರಶ್ನೆ ಇರುವಾಗಲೂ ಈ ಕಟ್ಟುನಿಟ್ಟೇ? ಸಂಕಟದಲ್ಲಿರುವವನಿಗೆ ನೀತಿ ಹೇಳುವುದು ಸುಲಭ, ಅವನ ಹೊರೆಯನ್ನು ಹೊರುವುದು ಕಷ್ಟ. ಆದರೆ ಕೊಳ್ಳಲು ಬರುವವನ ಮನೆಯಲ್ಲಿಯೂ ಒಬ್ಬ ತಂದೆ ಇರಬಹುದು. ಆ ಕಾರಿನಲ್ಲಿಯೇ ಅವನನ್ನು ಆಸ್ಪತ್ರೆಗೆ ಸಾಗಿಸಬೇಕಾದೀತು. ನಮ್ಮ ಸಂಕಟಕ್ಕೆ ಸಹಾಯ ಕೇಳುವ ಹಕ್ಕು ಬಂಧುಗಳ ಬಳಿ, ಗೆಳೆಯರ ಬಳಿ, ಮಠದ ಬಳಿ ಉಂಟು. ಅರಿಯದವನ ಜೇಬಿನಿಂದ ಅವನಿಗೆ ತಿಳಿಯದಂತೆ ತೆಗೆದುಕೊಳ್ಳುವ ಹಕ್ಕಿಲ್ಲ. ಹೀಗೆ ಹೇಳಿದ ಮೇಲೆ ನಾವೂ ಸುಮ್ಮನೆ ಕೂರುವಂತಿರಲಿಲ್ಲ. ಹಳೆಯ ವಿದ್ಯಾರ್ಥಿಗಳಲ್ಲಿ ನಾಲ್ವರಿಗೆ ಹೇಳಿದೆವು. ಕೊರತೆಯ ಹಣ ಸಾಲವಾಗಿ ಕೂಡಿತು.

ಆತನು ರಸೀತಿಗಳ ಕಟ್ಟನ್ನು ಮುಂದಿಟ್ಟು ಎಲ್ಲವನ್ನೂ ಹೇಳಿ ಮಾರಿದನು. ಮೊದಲು ಒಪ್ಪಿದ್ದವನೊಬ್ಬ ಹಿಂದೆ ಸರಿದನು. ಎರಡನೆಯವನು ಎಂಬತ್ತು ಸಾವಿರ ರೂಪಾಯಿ ಕಡಿಮೆ ಮಾಡಿ ಕೊಂಡನು. ನಷ್ಟ ನಷ್ಟವೇ, ಆತನು ಅದರ ಸಾಲವನ್ನು ಈಗಲೂ ತೀರಿಸುತ್ತಿದ್ದಾನೆ. ತಂದೆಯ ಚಿಕಿತ್ಸೆ ನಡೆದು ಅವರು ಗುಣಮುಖರಾಗಿದ್ದಾರೆ. ಮೊನ್ನೆ ಇಬ್ಬರೂ ಮಠಕ್ಕೆ ಬಂದಿದ್ದರು. ಕಾರನ್ನು ಒಪ್ಪಿಸುವ ಮುನ್ನ ಗೇರಿನ ಹಿಡಿಕೆಯೊಂದನ್ನು ಮಾತ್ರ ಬಿಚ್ಚಿಕೊಂಡನಂತೆ; ಅದನ್ನೂ ಕೊಳ್ಳುವವನಿಗೆ ತಿಳಿಸಿಯೇ. ಚೀಲದಿಂದ ತೆಗೆದು ನಮ್ಮ ಕೈಗಿತ್ತನು. ತೂಕವಾದ, ತಣ್ಣಗಿನ, ಕನ್ನಡಿಯಂತೆ ಹೊಳೆಯುವ ಉಕ್ಕು. ಸಂತೆಯಲ್ಲಿ ಅದಕ್ಕೆ ನೂರು ರೂಪಾಯಿಯೂ ಬಾರದು. ತಂದೆ ಅದನ್ನು ನಮ್ಮ ಕೈಯಿಂದ ತೆಗೆದುಕೊಂಡು, ಬೆಳಕಿಗೆ ಹಿಡಿದು, ಒಂದೆಡೆ ಬೆರಳಾಡಿಸಿ, “ಇಲ್ಲಿ ಕೂದಲೆಳೆಯಷ್ಟು ಹೆಚ್ಚು ಕಡೆದುಬಿಟ್ಟೆ, ಬುದ್ಧಿ” ಎಂದರು.